ಮ್ಯೂಸಿಯಂನ ರಿಜಿಸ್ಟರಿನಲ್ಲಿ ನಮ್ಮ ಹೆಸರೆಲ್ಲಿದೆ?



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಆಮೇಲೆ ಜಗಳ ಆಡೋದಿದ್ದರೆ ಆಡೋಣ.

ನಾವು ಕೆಲವರು ಸೇರಿ ಹಾಸ್ಟೆಲ್ ಮಕ್ಕಳನ್ನು ಆಗಾಗ ಮ್ಯೂಸಿಯಂಗಳಿಗೆ ಕರೆದುಕೊಂಡು ಹೋಗುತ್ತೇವೆ. ಆ ಫೋಟೋ ಹಾಕಿದಾಗೆಲ್ಲ ಸಂಗಾತಿಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಸ್ಮಶಾನಕ್ಕೆ ಜಾಗ ಇಲ್ಲ, ಬ್ಯಾಕ್‌ಲಾಗ್ ಹುದ್ದೆ ತುಂಬಿಲ್ಲ, ಅಟ್ರಾಸಿಟಿ ಕೇಸುಗಳು ಕೋರ್ಟಿನಲ್ಲಿ ಕೊಳೆಯುತ್ತಿವೆ. ಇಂಥ ಹೊತ್ತಿನಲ್ಲಿ ರಾಜರ ಕತ್ತಿ, ಒಡೆದ ಮಡಕೆ ನೋಡಿ ಏನ್ ಸಿಗುತ್ತೆ ಅಣ್ಣ?" ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ನಾನು ವೃತ್ತಿಯಲ್ಲಿ ಗುಮಾಸ್ತ. ನಮ್ಮ ಆಫೀಸಿಗೆ ಬರುವ ಪ್ರತಿ ಕಾಗದಕ್ಕೂ ಇನ್‌ವರ್ಡ್ ನಂಬರ್ ಹಾಕಬೇಕು. ನಂಬರ್ ಬಿದ್ದರೆ ಆ ಅರ್ಜಿಗೆ ಜೀವ. ಬೀಳದಿದ್ದರೆ ಅರ್ಜಿದಾರ ಹತ್ತು ಸಲ ಬಂದು ಕಣ್ಣೀರು ಹಾಕಿದರೂ ಫೈಲಿನ ಲೆಕ್ಕದಲ್ಲಿ ಆತ ಬಂದೇ ಇಲ್ಲ. ಮ್ಯೂಸಿಯಂನಲ್ಲೂ ಇಂಥದ್ದೇ ಒಂದು ರಿಜಿಸ್ಟರ್ ಇರುತ್ತದೆ. ಯಾವ ವಸ್ತು, ಯಾವಾಗ ಬಂತು, ಎಲ್ಲಿಂದ ಬಂತು, ಯಾರು ಕೊಟ್ಟರು ಅಂತ ಬರೆದು ನಂಬರ್ ಕೊಡುತ್ತಾರೆ. ಒಂದು ನಾಡು ಯಾವುದನ್ನು ತನ್ನ ಚರಿತ್ರೆ ಅಂತ ಒಪ್ಪಿಕೊಂಡಿದೆ, ಯಾವುದನ್ನು ಇನ್‌ವರ್ಡ್ ಮಾಡದೆ ಬಾಗಿಲಲ್ಲೇ ನಿಲ್ಲಿಸಿದೆ ಅನ್ನೋದು ಆ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ನಮ್ಮ ಜನರ ಪ್ರಶ್ನೆ ಅಲ್ಲಿಂದ ಶುರುವಾಗಬೇಕು.

ಮೊದಲು ಬಾಗಿಲಿನ ವಿಷಯ.

ಭಾರತದ ಮೊದಲ ಮ್ಯೂಸಿಯಂ ಶುರುವಾಗಿದ್ದು 1814ರಲ್ಲಿ, ಕಲ್ಕತ್ತಾದಲ್ಲಿ. ಮದ್ರಾಸಿನಲ್ಲಿ 1851ರಲ್ಲಿ ಆಯಿತು. ಅಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿಯೇ ಮುಂದೆ ಬೆಂಗಳೂರಿಗೆ ಬಂದಾಗ ಇಲ್ಲೂ ಒಂದು ಇರಲಿ ಅಂತ ಹಟ ಹಿಡಿದ. 1865ರಲ್ಲಿ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಹುಟ್ಟಿತು. ಈಗ ಕಸ್ತೂರಬಾ ರಸ್ತೆಯಲ್ಲಿ ಕಾಣುವ ಕೆಂಪು ಕಟ್ಟಡ ಅದೇ. ಬ್ರಿಟಿಷರು ಇವನ್ನು ನಮ್ಮ ಉದ್ಧಾರಕ್ಕೆ ಕಟ್ಟಲಿಲ್ಲ. ನಾಡಿನ ಖನಿಜ, ಮರ, ಬೆಳೆ, ಜನ, ಎಲ್ಲದರ ಲೆಕ್ಕ ಅವರಿಗೆ ಬೇಕಿತ್ತು.

ಆದರೂ ಒಂದು ಮಾತು ಯೋಚನೆ ಮಾಡಿ. ದೇವಸ್ಥಾನದ ವಿಗ್ರಹ ಗರ್ಭಗುಡಿಯಲ್ಲಿದ್ದಾಗ ಅದನ್ನು ನೋಡುವ ಹಕ್ಕು ನಮಗಿರಲಿಲ್ಲ. ಗುಡಿಯ ಹೊರಗಿನ ಬೀದಿಯಲ್ಲಿ ನಡೆಯೋದಕ್ಕೂ ಎಷ್ಟೋ ಊರುಗಳಲ್ಲಿ ತಡೆಯಿತ್ತು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಬಾಬಾಸಾಹೇಬರ ನೇತೃತ್ವದಲ್ಲಿ ನಮ್ಮ ಜನ ಸತ್ಯಾಗ್ರಹಕ್ಕೆ ನಿಂತರು. ವರ್ಷಗಟ್ಟಲೆ ಹೋರಾಡಿದರೂ ಬಾಗಿಲು ತೆರೆಯಲಿಲ್ಲ. ಅಂಥದ್ದೇ ವಿಷ್ಣು, ಅಂಥದ್ದೇ ದುರ್ಗಿ, ಮ್ಯೂಸಿಯಂಗೆ ಬಂದ ಮೇಲೆ ಒಂದು ಕಲ್ಲಿನ ಪೀಠದ ಮೇಲೆ ನಿಂತಿದ್ದಾರೆ. ಪಕ್ಕದಲ್ಲಿ ಪೂಜಾರಿ ಇಲ್ಲ, ಮಡಿ ಇಲ್ಲ. ಟಿಕೆಟ್ ಎಲ್ಲರಿಗೂ ಒಂದೇ. ಯಾವ ಮಗು ಬೇಕಾದರೂ ಒಂದು ಅಡಿ ದೂರದಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದು. ಇದು ಸಣ್ಣ ಬದಲಾವಣೆ ಅಲ್ಲ.

ಸಾರ್ವಜನಿಕ ಅನ್ನೋ ಪದಕ್ಕಾಗಿ ನಮ್ಮ ಹಿರಿಯರು ರಕ್ತ ಸುರಿಸಿದ್ದಾರೆ. 1923ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ತಂದ ನಿರ್ಣಯ ಪಾಸಾಯಿತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಕಚೇರಿ, ಆಸ್ಪತ್ರೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಅದು ಹೇಳಿತು. ಕಾಗದದ ಮೇಲಿದ್ದ ಆ ಹಕ್ಕನ್ನು ಕೈಯಲ್ಲಿ ಹಿಡಿಯಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಸಂವಿಧಾನದ 15(2)ನೇ ವಿಧಿ ಆ ಕೆರೆಯ ನೀರಿನಿಂದಲೇ ಬಂದದ್ದು ಅಂತ ನಾನು ನಂಬುತ್ತೇನೆ. ಆದ್ದರಿಂದ ಮ್ಯೂಸಿಯಂ ನಮ್ಮದು. ಅದರ ಗೇಟಿನೊಳಗೆ ಹೋಗಲು ನಮ್ಮ ಮಕ್ಕಳು ಹಿಂಜರಿಯಬಾರದು. ಇದು ಮೊದಲ ಹಕ್ಕು, ಒಳಗೆ ಹೋಗುವ ಹಕ್ಕು.

ಎರಡನೆಯದು ಇನ್ನೂ ಕಷ್ಟದ್ದು. ಒಳಗೆ ಇರುವ ಹಕ್ಕು.

ಬೆಂಗಳೂರಿನ ಅದೇ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರು ಶಾಸನ ಇದೆ. ಕನ್ನಡ ಓದಿದವರೆಲ್ಲ ಅದರ ಹೆಸರು ಕೇಳಿರುತ್ತೀರಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದ್ದು, ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಸೈನಿಕನಿಗೆ ಗಂಗರ ಬೂತುಗ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ನಾಯಿ ಹಂದಿ ಕಾದಾಡುವ ಚಿತ್ರ ಕೆತ್ತಿದರು, ಭೂಮಿ ದತ್ತಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಂಡರೆ ಪಾಪ ಬರುತ್ತದೆ ಅಂತಲೂ ಬರೆಸಿದರು.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಸತ್ತ ಪ್ರಾಣಿಯನ್ನು ಹೀಗೆ ಗೌರವದಿಂದ ನೆನೆದ ಆ ಮನುಷ್ಯನ ಬಗ್ಗೆ ಪ್ರೀತಿಯೇ ಇದೆ. ಆದರೆ ಸಾವಿರ ವರ್ಷ ದಾಟಿದರೂ ಆ ನಾಯಿಯ ಹೆಸರು ಕಾಳಿ ಅಂತ ನಮಗೆ ಗೊತ್ತು. ಅದರ ಕೊರಳಿನ ಪಟ್ಟಿ ತೊಗಲಿನದ್ದಾಗಿದ್ದರೆ ಅದನ್ನು ಹದ ಮಾಡಿದ ಕೈ ಯಾರದ್ದು? ದತ್ತಿ ಬಿಟ್ಟ ಭೂಮಿಯನ್ನು ಉತ್ತವರು ಯಾರು? ಆ ಕಲ್ಲನ್ನು ಹೊತ್ತು ತಂದವರು ಯಾರು? ಕಾಳಿಗೆ ಇನ್‌ವರ್ಡ್ ನಂಬರ್ ಬಿತ್ತು, ಆ ಕೈಗಳಿಗೆ ಬೀಳಲಿಲ್ಲ. ನಮ್ಮ ಮಕ್ಕಳನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ ಈ ಪ್ರಶ್ನೆ ಕೇಳಿದರೆ ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಪ್ರತಿ ವಸ್ತುವಿನ ಮುಂದೂ ತಾವೇ ಕೇಳೋಕೆ ಶುರು ಮಾಡುತ್ತಾರೆ. ಇತಿಹಾಸದ ಪಾಠ ಅಂದರೆ ನನ್ನ ಪ್ರಕಾರ ಇದೇ.

ಕೆಲವು ಕಡೆ ನಮ್ಮ ವಸ್ತು ಒಳಗೆ ಹೋಗಿದೆ, ನಾವು ಮಾತ್ರ ಹೊರಗೇ ಇದ್ದೇವೆ. ಹೆಸರು ಹೇಳೋದು ಬೇಡ, ಒಂದು ಮ್ಯೂಸಿಯಂನಲ್ಲಿ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಇಟ್ಟಿದ್ದರು. ಕೆಳಗಿನ ಚೀಟಿಯಲ್ಲಿ "ಕೃಷಿ ಉಪಕರಣ" ಅಂತ ಬರೆದಿತ್ತು, ಅಷ್ಟೇ. ಪಂಪ್‌ಸೆಟ್ಟು ಬರುವ ಮುಂಚೆ ಹೊಲ ಗದ್ದೆಗೆ ನೀರುಣಿಸಿದ್ದು ಇಂಥ ಚೀಲಗಳು. ಸತ್ತ ಎತ್ತಿನ ತೊಗಲು ಸುಲಿದು, ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಹದ ಹಾಕಿ, ರಂಪಿಗೆಯಿಂದ ಕತ್ತರಿಸಿ, ನೀರು ಸೋರದ ಹಾಗೆ ಹೊಲಿದು ಕೊಟ್ಟವರು ನಮ್ಮ ಮಾದಿಗ ಹಿರಿಯರು. ಇದು ರಸಾಯನಶಾಸ್ತ್ರ ಅಲ್ಲವೇ? ಎಂಜಿನಿಯರಿಂಗ್ ಅಲ್ಲವೇ? ಅವರು ಹೊಲಿದ ಚೀಲ ಬಾವಿಯ ನೀರನ್ನು ದಿನಕ್ಕೆ ನೂರು ಸಲ ಮುಟ್ಟುತ್ತಿತ್ತು, ಬಾವಿ ಮೈಲಿಗೆ ಆಗಲಿಲ್ಲ. ಹೊಲಿದವನು ಅದೇ ಬಾವಿಗೆ ಇಳಿದರೆ ಮಾತ್ರ ಊರಿಗೆ ಊರೇ ದೊಣ್ಣೆ ಹಿಡಿದು ಬರುತ್ತಿತ್ತು. ಇಷ್ಟು ದೊಡ್ಡ ಚರಿತ್ರೆಯನ್ನು ನುಂಗಿ "ಕೃಷಿ ಉಪಕರಣ" ಅನ್ನೋ ಎರಡು ಪದ ನಿಂತಿದೆ. ಜಾತಿ ಹೇಳದೆ ಇರುವುದು ಸಭ್ಯತೆ ಅಂತ ಆ ಚೀಟಿ ಬರೆದವರು ಅಂದುಕೊಂಡಿರಬಹುದು. ಅರಸರ ಕತ್ತಿಯ ಕೆಳಗೆ ಮಾತ್ರ ವಂಶ, ಬಿರುದು, ಇಸವಿ ಎಲ್ಲ ಬರೆಯುತ್ತಾರಲ್ಲ, ಅಲ್ಲಿ ಈ ಸಭ್ಯತೆ ಎಲ್ಲಿ ಹೋಯಿತು?

ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಲ್ಲಿ ಶುರುವಾದದ್ದು. ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ, ನೋಡಲಿ. ಅದನ್ನು ತೋರಿಸುವಾಗ ನಾನು ಇನ್ನೊಂದು ರೈಲು ಪ್ರಯಾಣದ ಕಥೆ ಹೇಳುತ್ತೇನೆ. 1901ರಲ್ಲಿ ಒಂಬತ್ತು ವರ್ಷದ ಹುಡುಗ ಭೀಮರಾವ್ ಸಾತಾರಾದಿಂದ ಮಸೂರ್ ಸ್ಟೇಷನ್ನಿಗೆ ಬಂದಿಳಿದ. ಜೊತೆಗೆ ಅಣ್ಣ ಮತ್ತು ಅಕ್ಕನ ಮಕ್ಕಳು. ಒಳ್ಳೆ ಬಟ್ಟೆ ಹಾಕಿಕೊಂಡಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರ ಅಕ್ಕರೆಯಿಂದ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ತಿರುಗಿಸಿದ. ಗಾಡಿಯವನು ದುಪ್ಪಟ್ಟು ಬಾಡಿಗೆ ತೆಗೆದುಕೊಂಡು, ಗಾಡಿಯನ್ನು ಮಕ್ಕಳೇ ಹೊಡೆಯಲಿ ಅಂದ. ಬುತ್ತಿಯಲ್ಲಿ ಊಟ ಇತ್ತು, ಆದರೆ ಕುಡಿಯೋಕೆ ಯಾರೂ ನೀರು ಕೊಡಲಿಲ್ಲ. ರಾತ್ರಿಯಿಡೀ ಆ ಮಕ್ಕಳು ಉಪವಾಸ ಇದ್ದರು. ಬಾಬಾಸಾಹೇಬರೇ ಇದನ್ನು ಬರೆದಿಟ್ಟಿದ್ದಾರೆ. ಭಾರತದ ರೈಲ್ವೆ ಚರಿತ್ರೆ ಅಂದರೆ ಮಹಾರಾಣಿಯ ಸಲೂನ್ ಎಷ್ಟೋ, ಮಸೂರ್ ಸ್ಟೇಷನ್ನಿನಲ್ಲಿ ಆ ಮಕ್ಕಳು ಕಾದು ಕೂತಿದ್ದೂ ಅಷ್ಟೇ. ಎರಡೂ ಒಂದೇ ಸೂರಿನ ಕೆಳಗೆ ಇರಬೇಕು.

ಇದು ಆಗದ ಮಾತು ಅನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಚರಿತ್ರೆ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂ 2016ರ ಸೆಪ್ಟೆಂಬರ್ 24ರಂದು ತೆರೆಯಿತು. ಕಪ್ಪು ಜನರನ್ನು ಬೇರೆ ಕೂರಿಸಲು ವಿಂಗಡಿಸಿದ್ದ ನಿಜವಾದ ರೈಲು ಬೋಗಿಯನ್ನೇ ಅದರೊಳಗೆ ಇಟ್ಟಿದ್ದಾರೆ. ಅದರ ಮೊದಲ ನಿರ್ದೇಶಕ ಲಾನಿ ಬಂಚ್ ಕೆಲಸಕ್ಕೆ ಸೇರಿದಾಗ ಕಟ್ಟಡ ಇರಲಿಲ್ಲ, ಸಂಗ್ರಹವೂ ಇರಲಿಲ್ಲ. ಅವರು ಊರೂರಿಗೆ ಹೋಗಿ, ನಿಮ್ಮ ಅಜ್ಜಿಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಏನಿದೆ ತನ್ನಿ ಅಂತ ಜನರನ್ನು ಕೇಳಿದರು. ಹಳೆ ಪತ್ರ, ಫೋಟೋ, ಸಂಕೋಲೆ, ಶಾಲು ಒಂದೊಂದಾಗಿ ಬಂದವು. ಆ ಸಂಗ್ರಹದ ದೊಡ್ಡ ಭಾಗ ಹೀಗೆ ಮನೆಗಳಿಂದ ಬಂದದ್ದು.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. 1966ರಲ್ಲಿ ಬಿಳಿಯರ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿ, 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ, ಮನೆಗಳನ್ನು ಬುಲ್ಡೋಜರಿನಿಂದ ನೆಲಸಮ ಮಾಡಿತು. 1994ರಲ್ಲಿ ಹಳೆಯ ಚರ್ಚೊಂದರಲ್ಲಿ ಅಲ್ಲಿನ ಜನರೇ ಮ್ಯೂಸಿಯಂ ತೆರೆದರು. ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ನಮ್ಮ ಮನೆ ಇಲ್ಲಿತ್ತು ಅಂತ ಜನ ಬಂದು ತಮ್ಮ ಕೈಯಾರೆ ಅದರ ಮೇಲೆ ಹೆಸರು ಬರೆದರು. ಮನೆಗಳನ್ನು ಕೆಡವಿಸಿದ ಮೇಸ್ತ್ರಿಯೊಬ್ಬ ಬೀದಿಗಳ ಹೆಸರಿನ ಫಲಕಗಳನ್ನು ಬಿಸಾಡದೆ ಜೋಪಾನ ಮಾಡಿದ್ದ, ಅವೂ ಅಲ್ಲಿಗೆ ಬಂದವು. ಕೋಟಿಗಟ್ಟಲೆ ದುಡ್ಡು ಇರಲಿಲ್ಲ, ನೆನಪು ಇತ್ತು, ಛಲ ಇತ್ತು. ಗುಡಿಸಲು ಕಿತ್ತು ಊರಾಚೆ ಎಸೆಸಿಕೊಂಡ ನಮ್ಮ ಕೊಳೆಗೇರಿಗಳ ಜನಕ್ಕೆ ಈ ಕಥೆ ಅರ್ಥ ಆಗುತ್ತದೆ.

ಈಗ ನಮ್ಮೊಳಗಿನ ಒಂದು ಜಗಳಕ್ಕೆ ಬರುತ್ತೇನೆ. ಮ್ಯೂಸಿಯಂ ಮಾತು ತೆಗೆದಾಗ ನಮ್ಮ ಹಿರಿಯ ಹೋರಾಟಗಾರರೊಬ್ಬರು ಸಿಟ್ಟಾದರು. "ಸತ್ತ ದನ ಎತ್ತೋದು ಬಿಡಿ, ತಮಟೆ ಬಾರಿಸೋದು ಬಿಡಿ ಅಂತ ನಲವತ್ತು ವರ್ಷ ಕೇರಿ ಕೇರಿ ತಿರುಗಿದ್ದೀನಿ ಕಣಯ್ಯ. ಬಿಟ್ಟದ್ದನ್ನೆಲ್ಲ ಗಾಜಿನ ಪೆಟ್ಟಿಗೇಲಿಟ್ಟು ಮೆರೆಸ್ತೀಯಾ?" ಅಂದರು. ಅವರ ಸಿಟ್ಟಿನಲ್ಲಿ ಸತ್ಯ ಇದೆ. ಅವಮಾನವನ್ನೇ "ನಮ್ಮ ಶ್ರೀಮಂತ ಜಾನಪದ" ಅಂತ ಬಣ್ಣ ಹಚ್ಚಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಮಲ ಹೊರುವ ಬುಟ್ಟಿಯನ್ನೂ ನಾಳೆ ಕರಕುಶಲ ಕಲೆ ಅಂದಾರು.

ಆದರೆ ಸುಟ್ಟು ಹಾಕಿದರೆ ಲಾಭ ಯಾರಿಗೆ? ವಾಷಿಂಗ್ಟನ್ನಿನ ಅದೇ ಮ್ಯೂಸಿಯಂನಲ್ಲಿ ಎಮ್ಮೆಟ್ ಟಿಲ್ ಎಂಬ ಹುಡುಗನ ಶವಪೆಟ್ಟಿಗೆ ಇದೆ. ಹದಿನಾಲ್ಕು ವರ್ಷದ ಆ ಹುಡುಗನನ್ನು 1955ರಲ್ಲಿ ಬಿಳಿಯರು ಚಿತ್ರಹಿಂಸೆ ಕೊಟ್ಟು ಕೊಂದರು. ಗುರುತೇ ಸಿಗದಂತಾಗಿದ್ದ ಮಗನ ಮುಖವನ್ನು ಮುಚ್ಚಬೇಡಿ, ಲೋಕ ನೋಡಲಿ ಅಂತ ತಾಯಿ ಮೇಮಿ ಟಿಲ್ ಹಟ ಹಿಡಿದಳು. ಸಾವಿರಾರು ಜನ ಬಂದು ನೋಡಿದರು. ನಾಚಿಕೆ ಕೊಂದವರದ್ದು, ತನ್ನ ಮಗನದ್ದಲ್ಲ ಅಂತ ಆ ತಾಯಿಗೆ ಗೊತ್ತಿತ್ತು.

ನಮ್ಮದೂ ಹಾಗೆಯೇ. ಕೊಲೆ ಕೇಸಿನಲ್ಲಿ ಮಚ್ಚನ್ನು ಸೀಲ್ ಮಾಡಿ ಇಡೋದು ಅದು ಚೆಂದ ಇದೆ ಅಂತಲ್ಲ, ಅದು ಸಾಕ್ಷಿ ಅಂತ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಬುಟ್ಟಿಯ ಪಕ್ಕ ನಿಷೇಧದ ಕಥೆ ಇರಲಿ, 1993ರ ಕಾನೂನು ಇರಲಿ, 2013ರ ಕಾನೂನು ಇರಲಿ. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು ಅನ್ನೋದೂ ಇರಲಿ. ಆಗ ನೋಡಿದವರಿಗೆ ಇದು ಹಳೇ ಕಾಲದ ಕಥೆಯಲ್ಲ, ನಿನ್ನೆ ಮೊನ್ನೆಯದು ಅಂತ ತಿಳಿಯುತ್ತದೆ. ತಮಟೆಯೂ ಅಷ್ಟೇ. ಊರ ಸಾವಿಗೆ ಬಿಟ್ಟಿಯಾಗಿ ಬಾರಿಸಿದ ತಮಟೆ ಬೇರೆ, ದಲಿತ ಸಂಘರ್ಷ ಸಮಿತಿಯ ಜಾಥಾದಲ್ಲಿ ಗುಡುಗಿದ ತಮಟೆ ಬೇರೆ. ಚೀಟಿಯಲ್ಲಿ ಎರಡೂ ಇರಬೇಕು. ಆ ಚೀಟಿ ಬರೆಯುವ ಪೆನ್ನು ನಮ್ಮ ಕೈಯಲ್ಲಿರಬೇಕು. ಇದು ಮೂರನೇ ಹಕ್ಕು, ಎಲ್ಲಕ್ಕಿಂತ ಮುಖ್ಯವಾದದ್ದು.

ಪೆನ್ನು ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಕಲಬುರಗಿ ಜಿಲ್ಲೆಯ ಸನ್ನತಿ ಸಾಕ್ಷಿ. ಚಂದ್ರಲಾಂಬ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು, 1986ರಲ್ಲಿ ಅಲ್ಲೊಂದು ಕಲ್ಲು ಸಿಕ್ಕಿತು. ನೋಡಿದರೆ ಸಾಮ್ರಾಟ ಅಶೋಕನ ಶಾಸನ! ಎಲ್ಲ ಪಂಥಗಳನ್ನೂ ಗೌರವಿಸಿ ಅಂತ ಹೇಳುವ ಆ ಶಾಸನದ ಕಲ್ಲಿಗೆ ತೂತು ಕೊರೆದು ದೇವಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧರ ಮಹಾಸ್ತೂಪವೇ ಎದ್ದು ಬಂತು. ರಾಯ ಅಶೋಕ ಅಂತ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಇಂಥ ಸಂಪತ್ತು ಎಷ್ಟೋ ವರ್ಷ ಬಿಸಿಲು ಮಳೆಗೆ ಬಿದ್ದಿತ್ತು. ಬುದ್ಧನ ನಾಡು ಇದು ಅಂತ ನಾವು ಭಾಷಣ ಮಾಡುತ್ತೇವೆ. ನಮ್ಮಲ್ಲಿ ಎಷ್ಟು ಜನ ಕನಗನಹಳ್ಳಿಗೆ ಹೋಗಿದ್ದೇವೆ? ದೀಕ್ಷಾಭೂಮಿಗೆ ಹೋಗುವ ಬಸ್ಸು ಒಂದು ಸಲ ಆ ಕಡೆಯೂ ತಿರುಗಲಿ.

ಬಾಬಾಸಾಹೇಬರ ವಸ್ತುಗಳನ್ನು ಉಳಿಸಿಕೊಂಡವರು ಯಾರು ಅಂತಲೂ ನೋಡಿ. ನಾಗಪುರದ ಹತ್ತಿರ ಚಿಚೋಲಿಯ ಶಾಂತಿವನದಲ್ಲಿ ಅವರ ಟೈಪ್‌ರೈಟರ್, ಕೋಟು ಇವೆ. 1956ರ ಧಮ್ಮದೀಕ್ಷೆ ಸಮಾರಂಭಕ್ಕೆ ದುಡಿದ ವಾಮನರಾವ್ ಗೋಡಬೋಲೆ ಅವನ್ನು ಜೋಪಾನ ಮಾಡಿದವರು. ಪುಣೆಯ ಮ್ಯೂಸಿಯಂಗೆ ಮಾಯಿಸಾಹೇಬ್ ಸವಿತಾ ಅಂಬೇಡ್ಕರ್ ತಾವೇ ಜೋಪಾನ ಮಾಡಿದ್ದ ವಸ್ತುಗಳನ್ನು ಕೊಟ್ಟರು. ಮುಂಬೈ ದಾದರಿನ ರಾಜಗೃಹವನ್ನು ಬಾಬಾಸಾಹೇಬರು ತಮ್ಮ ಪುಸ್ತಕಗಳಿಗೆ ಅಂತಲೇ ಕಟ್ಟಿಸಿದರು. 2020ರ ಜುಲೈನಲ್ಲಿ ಅದರ ಮೇಲೂ ದಾಳಿ ಆಯಿತು. ಲಂಡನ್ನಿನಲ್ಲಿ ಅವರು ವಿದ್ಯಾರ್ಥಿಯಾಗಿ ಇದ್ದ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಮ್ಯೂಸಿಯಂ ಮಾಡಿದರೆ, ಅಲ್ಲಿನ ಸ್ಥಳೀಯ ಸಂಸ್ಥೆ ಅನುಮತಿ ನಿರಾಕರಿಸಿತು. ಅನುಮತಿ ಸಿಕ್ಕಿದ್ದು ಹೋರಾಡಿದ ಮೇಲೆ, 2020ರಲ್ಲಿ. ನಮ್ಮ ನೆನಪು ಇಡುವ ಜಾಗಕ್ಕೂ ಹೋರಾಟ ತಪ್ಪಿದ್ದಲ್ಲ.

ಹಾಗಾದರೆ ಏನು ಮಾಡೋಣ? ಸರ್ಕಾರವನ್ನು ಕೇಳೋದು ಕೇಳೋಣ. ಮ್ಯೂಸಿಯಂ ಅಂದರೆ ಏನು ಅಂತ ಜಗತ್ತಿನ ಮ್ಯೂಸಿಯಂಗಳ ಒಕ್ಕೂಟವೇ 2022ರಲ್ಲಿ ಹೊಸ ವ್ಯಾಖ್ಯೆ ಮಾಡಿದೆ. ಎಲ್ಲರನ್ನೂ ಒಳಗೊಳ್ಳಬೇಕು, ಸಮುದಾಯಗಳ ಭಾಗವಹಿಸುವಿಕೆ ಇರಬೇಕು ಅಂತ ಅದರಲ್ಲೇ ಇದೆ. ಅದನ್ನು ಹಿಡಿದು ಅರ್ಜಿ ಹಾಕೋಣ. ಅದರ ಜೊತೆಗೆ ನಮ್ಮ ಕೈಯಲ್ಲೇ ಆಗುವ ಕೆಲಸಗಳು ಇವು:

1. ಮ್ಯೂಸಿಯಂಗೆ ಹೋದಾಗ ನಿಮ್ಮ ಸಮುದಾಯದ ವಸ್ತು ಕಂಡರೆ ಚೀಟಿ ಓದಿ. ಮಾಡಿದವರ ಹೆಸರಿಲ್ಲದಿದ್ದರೆ, ಬಳಕೆ ತಪ್ಪು ಬರೆದಿದ್ದರೆ, ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಗುಮಾಸ್ತನಾಗಿ ಹೇಳ್ತಿದ್ದೀನಿ, ಕಾಗದ ಇಲ್ಲದ ದೂರು ದೂರೇ ಅಲ್ಲ.

2. ನಿಮ್ಮ ಕೇರಿಯ ಹಿರಿಯರ ಮನೆಯ ಟ್ರಂಕು ತೆಗೆಸಿ. ಹಳೆಯ ಕರಪತ್ರ, ಜಾಥಾದ ಫೋಟೋ, ಭೂ ಹೋರಾಟದ ಅರ್ಜಿ, ಮೊದಲ ತಲೆಮಾರಿನ ಹಾಸ್ಟೆಲ್ ಗುರುತಿನ ಚೀಟಿ, ಉಳಿ, ರಂಪಿಗೆ, ತಮಟೆ. ಕೊಡಲು ಇಷ್ಟವಿಲ್ಲದಿದ್ದರೆ ಫೋಟೋ ಆದರೂ ತೆಗೆಯಿರಿ.

3. ಹಳೆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಎರಡೂ ಕಾಗದವನ್ನು ಕೊಲ್ಲುತ್ತವೆ. ಬಿಸಿಲು, ತೇವ ತಾಗದ ಕಡೆ ಚಪ್ಪಟೆಯಾಗಿ ಇಡಿ.

4. ಒಂದು ರಿಜಿಸ್ಟರ್ ಇಡಿ. ವಸ್ತುವಿನ ಹೆಸರು, ನಿಮ್ಮ ಕೇರಿಯಲ್ಲಿ ಅದಕ್ಕೆ ಏನಂತಾರೆ, ಯಾರು ಮಾಡಿದ್ದು, ಯಾರು ಬಳಸಿದ್ದು, ಯಾವಾಗ, ಯಾರು ಕೊಟ್ಟರು. ಅದರ ಬಗ್ಗೆ ಕೊಟ್ಟವರು ಹೇಳಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಹೆಂಗಸರ ಮಾತನ್ನು ಬಿಡಬೇಡಿ, ನಮ್ಮ ಚಳವಳಿಯ ಕಾಗದಗಳಲ್ಲೂ ಅವರ ಹೆಸರು ಕಡಿಮೆ.

5. ಊರೂರಿನಲ್ಲಿ ಅಂಬೇಡ್ಕರ್ ಭವನಗಳಿವೆ. ಮದುವೆ, ನಾಮಕರಣ ನಡೆಯಲಿ, ಸಂತೋಷ. ಅಲ್ಲೇ ಒಂದು ಗೋಡೆ, ಬೀಗ ಇರುವ ಒಂದು ಗಾಜಿನ ಬೀರು ಇದಕ್ಕೆ ಮೀಸಲಿಡಿ. ಮದುವೆಗೆ ಬಂದವರೂ ನಿಂತು ನೋಡುತ್ತಾರೆ.

ಮನೆ ಖಾಲಿ ಮಾಡುವಾಗ, ಹಿರಿಯರು ತೀರಿಕೊಂಡಾಗ, ಇವೆಲ್ಲ ಗುಜರಿಗೆ ಹೋಗುತ್ತಿವೆ. ಭೂಸಾ ಚಳವಳಿ ನಡೆದದ್ದು 1973ರಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದ ಹೋರಾಟಗಾರರಿಗೆ ಈಗ ಎಪ್ಪತ್ತು ದಾಟಿದೆ. ಅವರು ಇರುವಾಗಲೇ ಅವರ ಕೈಯಿಂದ ಇಸಿದುಕೊಂಡು, ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ನಮಗಿರುವ ಸಮಯ ಕಡಿಮೆ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇಂಥದ್ದು ಏನಿದೆ ಅಂತ ಕಾಮೆಂಟಿನಲ್ಲಿ ಬರೆಯಿರಿ, ಫೋಟೋ ಇದ್ದರೆ ಹಾಕಿ. ನಾನು ಒಂದೊಂದಕ್ಕೂ ನಂಬರ್ ಹಾಕಿ ಬರೆದಿಡುತ್ತೇನೆ. ನನಗೆ ಬರುವ ಕೆಲಸ ಅದೇ.

ಜೈ ಭೀಮ್.